ಉದ್ಯಮದಲ್ಲಿ ಭಾವನಾತ್ಮಕ ಬುದ್ಧಿಮತ್ತೆ: ಕೆಟ್ಟ ಸುದ್ದಿ ಮಾಲೀಕನನ್ನು ತಲುಪುವ ದಾರಿ

ವರ್ಷಾಂತ್ಯದಲ್ಲಿ ಅಢಾವೆ ಪತ್ರಿಕೆಯನ್ನು ಸಿದ್ಧಪಡಿಸುವಾಗ ನಾವು ದಾಸ್ತಾನು, ಯಂತ್ರೋಪಕರಣ, ಬರಬೇಕಾದ ಬಾಕಿ, ಕೊಡಬೇಕಾದ ಸಾಲ, ಸವಕಳಿ ಎಂದು ಪ್ರತಿಯೊಂದಕ್ಕೂ ಒಂದು ಶೀರ್ಷಿಕೆಯನ್ನು ಕೊಡುತ್ತೇವೆ. ಆದರೆ ಮಾಲೀಕನ ಮುಂಗೋಪದಿಂದ ಉಂಟಾದ ನಷ್ಟಕ್ಕೆ ಅಲ್ಲಿ ಯಾವ ಶೀರ್ಷಿಕೆಯೂ ಇಲ್ಲ. ಆ ನಷ್ಟವು ಹಾಳಾದ ಸರಕಿನ ರೂಪದಲ್ಲಿ, ಕೈಬಿಟ್ಟುಹೋದ ಗಿರಾಕಿಯ ರೂಪದಲ್ಲಿ, ಕೆಲಸ ಬಿಟ್ಟುಹೋದ ನುರಿತ ಕೆಲಸಗಾರನ ರೂಪದಲ್ಲಿ ಬೇರೆ ಬೇರೆ ಲೆಕ್ಕಗಳೊಳಗೆ ಸೇರಿಹೋಗುತ್ತದೆ. ಲೆಕ್ಕ ಪರಿಶೋಧಕರು ಅದನ್ನು ಕಂಡುಹಿಡಿಯಲಾರರು. ನಾವೇ ಕಂಡುಕೊಳ್ಳಬೇಕು.

‘ಭಾವನಾತ್ಮಕ ಬುದ್ಧಿಮತ್ತೆ’ ಎಂಬ ಮಾತು ದೊಡ್ಡ ಕಂಪೆನಿಗಳ ತರಬೇತಿ ಶಿಬಿರಗಳಲ್ಲಿ ಬಹಳಷ್ಟು ಕೇಳಿಬರುತ್ತದೆ. ಹತ್ತು ಹನ್ನೆರಡು ಜನರನ್ನು ಇಟ್ಟುಕೊಂಡು ವ್ಯವಹಾರ ನಡೆಸುವ ನಮ್ಮಂಥವರಿಗೆ ಇದರಿಂದೇನು ಪ್ರಯೋಜನ ಎಂಬ ಸಂದೇಹ ಸಹಜವೇ ಆಗಿದೆ. ಆ ಸಂದೇಹಕ್ಕೆ ಉತ್ತರ ಕೊಡುವುದು ಪ್ರಸ್ತುತ ಲೇಖನದ ಉದ್ದೇಶ. ತತ್ತ್ವಕ್ಕೆ ಮೊದಲು ನನ್ನದೇ ಒಂದು ತಪ್ಪನ್ನು ಓದುಗರ ಮುಂದಿಡುತ್ತೇನೆ.

ಒಂದು ಅನುಭವ

ಹಲವು ವರ್ಷಗಳ ಹಿಂದಿನ ಮಾತು. ಕಾರ್ಕಳ ತಾಲೂಕಿನಲ್ಲಿ ನನ್ನದೊಂದು ಸಣ್ಣ ಗೇರುಬೀಜ ಸಂಸ್ಕರಣಾ ಘಟಕವಿತ್ತು. ಬೀಜವನ್ನು ಹಬೆಯಲ್ಲಿ ಬೇಯಿಸಿ, ಒಡೆದು, ಸಿಪ್ಪೆ ಸಹಿತವಾದ ತಿರುಳನ್ನು ಬೋರ್ಮಾದ ಬಿಸಿಗಾಳಿಯಲ್ಲಿ ಒಣಗಿಸಿದ ಬಳಿಕ ತೆಳುಸಿಪ್ಪೆ ತೆಗೆಯುವುದು ಈ ಉದ್ಯಮದಲ್ಲಿರುವವರೆಲ್ಲರಿಗೂ ತಿಳಿದ ಕ್ರಮ. ಬೋರ್ಮಾದ ಕಾವು ಕಡಿಮೆಯಾದರೆ ಸಿಪ್ಪೆ ಬಿಡುವುದಿಲ್ಲ. ಹೆಚ್ಚಾದರೆ ತಿರುಳು ಕಂದುಬಣ್ಣಕ್ಕೆ ತಿರುಗುತ್ತದೆ.

ರಾತ್ರಿ ಪಾಳಿಯಲ್ಲಿ ಬೋರ್ಮಾ ನೋಡಿಕೊಳ್ಳುತ್ತಿದ್ದ ಹುಡುಗನೊಬ್ಬನು ಒಂದು ದಿನ, ಒಂದು ಬದಿಯಿಂದ ಕರಕಲು ವಾಸನೆ ಬರುತ್ತಿದೆಯೆಂದು ಕಾವನ್ನು ತಗ್ಗಿಸಿದ. ಬೆಳಿಗ್ಗೆ ನೋಡಿದರೆ ಆ ಮಾಲು ಸರಿಯಾಗಿ ಒಣಗಿರಲಿಲ್ಲ. ಸಿಪ್ಪೆ ತೆಗೆಯುವ ಹೆಂಗಸರು ಅರ್ಧ ದಿನ ಕೈಕಟ್ಟಿ ಕುಳಿತರು. ನಾನು ಆ ಹುಡುಗನನ್ನು ಅವರೆಲ್ಲರ ಎದುರಿನಲ್ಲೇ ನಿಲ್ಲಿಸಿ ಬೈದೆ. ವಾಸನೆ ಎಲ್ಲಿಂದ ಬಂತು ಎಂದು ಮಾತ್ರ ಕೇಳಲಿಲ್ಲ.

ಮುಂದಿನ ವಾರ ಮತ್ತೆ ಅದೇ ವಾಸನೆ ಬಂತು. ಈ ಬಾರಿ ಅವನು ಕಾವನ್ನು ತಗ್ಗಿಸಲಿಲ್ಲ, ಮನೆಗೆ ಫೋನನ್ನೂ ಮಾಡಲಿಲ್ಲ. ಬೆಳಿಗ್ಗೆ ಒಂದು ಬದಿಯ ತಟ್ಟೆಗಳೆಲ್ಲವೂ ಕಂದಾಗಿದ್ದವು. ಪೌಂಡಿಗೆ 300ರಿಂದ 320 ತಿರುಳು ತೂಗುವ, ‘ಡಬ್ಲ್ಯೂ-320’ ದರ್ಜೆಯಲ್ಲಿ ಮಾರಾಟವಾಗಬೇಕಿದ್ದ ಬಿಳಿ ಇಡಿ ತಿರುಳು ‘ಸ್ಕಾರ್ಚ್ಡ್’ ದರ್ಜೆಗೆ ಇಳಿಯಿತು. ಏಕೆ ಹೇಳಲಿಲ್ಲವೆಂದು ಕೇಳಿದಾಗ ಅವನು ತುಳುವಿನಲ್ಲಿ ಹೇಳಿದ್ದಿಷ್ಟು: “ಹೇಳಿದರೂ ಬೈಗುಳ, ಹೇಳದಿದ್ದರೂ ಬೈಗುಳ. ಹೇಳದಿದ್ದರೆ ಬೆಳಗಿನವರೆಗಾದರೂ ನೆಮ್ಮದಿ, ಧಣಿಗಳೇ.”

ಬೋರ್ಮಾವನ್ನು ಬಿಚ್ಚಿ ನೋಡಿದಾಗ ಬಿಸಿಗಾಳಿ ಹಾಯುವ ಒಂದು ದಾರಿ ಕಟ್ಟಿಕೊಂಡಿತ್ತು. ಆದುದರಿಂದ ಕಾವೆಲ್ಲವೂ ಇನ್ನೊಂದು ಬದಿಗೆ ನುಗ್ಗುತ್ತಿತ್ತು. ಅಂದರೆ ಮೊದಲ ದಿನವೇ ಅವನ ಮಾತು ಸರಿಯಾಗಿತ್ತು. ಅಂದು ನಾನು ಒಂದು ಪ್ರಶ್ನೆ ಕೇಳಿದ್ದರೆ ಅರ್ಧ ದಿನದ ಕೂಲಿಯಲ್ಲಿ ಮುಗಿಯುತ್ತಿದ್ದ ನಷ್ಟ, ನನ್ನ ಸಿಟ್ಟಿನಿಂದಾಗಿ ಒಂದು ಇಡೀ ಮಾಲಿನ ನಷ್ಟವಾಯಿತು. ಆ ತಿಂಗಳ ಸಂಬಳ ಪಡೆದು ಅವನು ಕೆಲಸ ಬಿಟ್ಟ. ಕರೆಕಳುಹಿಸಿದರೂ ಮರಳಿ ಬರಲಿಲ್ಲ. ‘ಕೋಪದಲ್ಲಿ ಕೊಯ್ದುಕೊಂಡ ಮೂಗು ಶಾಂತಿಯಲ್ಲಿ ಬಾರದು’ ಎಂಬ ಗಾದೆಯ ಅರ್ಥ ನನಗೆ ಅಂದು ಆಯಿತು.

ಪರಿಕಲ್ಪನೆಯ ಹಿನ್ನೆಲೆ

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಪೀಟರ್ ಸಾಲೊವೆ ಮತ್ತು ಜಾನ್ ಮೇಯರ್ ಅವರು 1990ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಭಾವನಾತ್ಮಕ ಬುದ್ಧಿಮತ್ತೆಯನ್ನು ಒಂದು ಸಾಮರ್ಥ್ಯವೆಂದು ನಿರೂಪಿಸಿದರು. ತನ್ನ ಹಾಗೂ ಇತರರ ಭಾವನೆಗಳನ್ನು ಗುರುತಿಸುವುದು, ಅವುಗಳ ನಡುವಣ ವ್ಯತ್ಯಾಸವನ್ನು ತಿಳಿಯುವುದು, ಆ ತಿಳಿವಳಿಕೆಯನ್ನು ಆಲೋಚನೆಗೂ ಕಾರ್ಯಕ್ಕೂ ಬಳಸುವುದು ಇದರ ಸಾರ. 1995ರಲ್ಲಿ ಡೇನಿಯಲ್ ಗೋಲ್‌ಮನ್ ಅವರ ಪುಸ್ತಕ ಪ್ರಕಟವಾದ ಬಳಿಕ ಈ ವಿಚಾರ ಜನಸಾಮಾನ್ಯರನ್ನು ತಲುಪಿತು. 1998ರಲ್ಲಿ ಅವರು ಇದನ್ನು ನಾಯಕತ್ವಕ್ಕೆ ಅನ್ವಯಿಸಿ ಐದು ಅಂಗಗಳನ್ನು ಹೆಸರಿಸಿದರು: ಸ್ವ-ಅರಿವು, ಸ್ವನಿಯಂತ್ರಣ, ಅಂತಃಪ್ರೇರಣೆ, ಪರಾನುಭೂತಿ ಮತ್ತು ಸಂಬಂಧ ಕೌಶಲ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕಾಗಿದೆ. ಭಾವನಾತ್ಮಕ ಬುದ್ಧಿಮತ್ತೆಯೆಂದರೆ ಎಲ್ಲರೊಡನೆ ನಗುನಗುತ್ತಾ ಇರುವುದಲ್ಲ, ತಪ್ಪು ಮಾಡಿದವರನ್ನು ಸುಮ್ಮನೆ ಬಿಡುವುದೂ ಅಲ್ಲ. ಎದುರಿಗಿರುವವನ ಮನಸ್ಸಿನಲ್ಲಿ ಏನು ನಡೆಯುತ್ತಿದೆ, ನನ್ನ ಮನಸ್ಸಿನಲ್ಲಿ ಏನು ನಡೆಯುತ್ತಿದೆ ಎಂಬ ಎರಡನ್ನೂ ತಿಳಿದು, ಅನಂತರ ಮಾಡಬೇಕಾದುದನ್ನು ಮಾಡುವುದು. ಗದರಿಸಬೇಕಾದ ಸಂದರ್ಭದಲ್ಲಿ ಗದರಿಸುವುದೂ ಇದರೊಳಗೆ ಸೇರಿದೆ. ಆದರೆ ಆ ಗದರಿಕೆ ನಮ್ಮ ನಿರ್ಧಾರವಾಗಿರಬೇಕೇ ಹೊರತು ನಮ್ಮ ರಕ್ತದೊತ್ತಡದ ನಿರ್ಧಾರವಾಗಿರಬಾರದು.

ನಮ್ಮ ಜಿಲ್ಲೆಯ ಪಾಠ

ಈ ಪದ ಹುಟ್ಟುವುದಕ್ಕೆ ಆರು ದಶಕಗಳ ಮೊದಲೇ ಇದರ ತಿರುಳನ್ನು ವ್ಯವಹಾರದ ಅಡಿಗಲ್ಲಾಗಿ ಮಾಡಿಕೊಂಡ ನಿದರ್ಶನ ಉಡುಪಿಯಲ್ಲಿಯೇ ಇದೆ. 1925ರಲ್ಲಿ ಉಪೇಂದ್ರ ಅನಂತ ಪೈ, ಡಾ. ಟಿ.ಎಂ.ಎ. ಪೈ ಮತ್ತು ವಾಮನ ಶ್ರೀನಿವಾಸ ಕುಡ್ವ ಅವರು 8,000 ರೂಪಾಯಿ ಬಂಡವಾಳದೊಂದಿಗೆ ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ಇಲ್ಲಿ ಸ್ಥಾಪಿಸಿದರು. ಮೂವರಲ್ಲಿ ಒಬ್ಬರು ವ್ಯಾಪಾರಿ, ಒಬ್ಬರು ವೈದ್ಯರು, ಇನ್ನೊಬ್ಬರು ಎಂಜಿನಿಯರ್. ಕೈಮಗ್ಗದ ಉದ್ಯಮ ಬಿಕ್ಕಟ್ಟಿಗೆ ಸಿಲುಕಿ ನೇಕಾರರು ಕಷ್ಟದಲ್ಲಿದ್ದ ಕಾಲವದು. 1928ರಲ್ಲಿ ಆ ಸಂಸ್ಥೆ ಪಿಗ್ಮಿ ಠೇವಣಿ ಯೋಜನೆಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಬ್ಯಾಂಕಿನ ಪ್ರತಿನಿಧಿಯು ಠೇವಣಿದಾರನ ಬಾಗಿಲಿಗೇ ಹೋಗಿ ಸಂಗ್ರಹಿಸುವ ವ್ಯವಸ್ಥೆ ಅದಾಗಿತ್ತು.

ಈ ಯೋಜನೆಯನ್ನು ಹಣಕಾಸಿನ ದೃಷ್ಟಿಯಿಂದ ಅನೇಕರು ವಿವರಿಸಿದ್ದಾರೆ. ಮನಸ್ಸಿನ ದೃಷ್ಟಿಯಿಂದಲೂ ಅದನ್ನು ಗಮನಿಸಬಹುದು. ಎರಡಾಣೆ ಹಿಡಿದುಕೊಂಡು ಬ್ಯಾಂಕಿನ ಮೆಟ್ಟಿಲೇರಲು ಬಡವನಿಗೆ ಸಂಕೋಚ. ಕೈಯಲ್ಲಿರುವ ಹಣ ಸಂಜೆಯೊಳಗೆ ಖರ್ಚಾಗುವುದೆಂಬುದು ಅವನಿಗೇ ಗೊತ್ತಿರುವ ದೌರ್ಬಲ್ಯ. ಅಪರಿಚಿತನ ಕೈಗೆ ಹಣ ಕೊಡಲು ಭಯ. ಬಾಗಿಲಿಗೆ ಬರುವ ಪ್ರತಿನಿಧಿಯಿಂದ ಸಂಕೋಚ ಹೋಯಿತು; ದಿನವೂ ಬರುವುದರಿಂದ ಖರ್ಚಿನ ಆಸೆಗೆ ತಡೆ ಬಿತ್ತು; ಅದೇ ಮುಖ ಮತ್ತೆ ಮತ್ತೆ ಕಾಣುವುದರಿಂದ ಭಯ ಕರಗಿತು. ಬಡವರು ಉಳಿಸುವುದಿಲ್ಲ ಎಂದು ತೀರ್ಮಾನಿಸುವ ಬದಲು, ಏಕೆ ಉಳಿಸಲಾಗುತ್ತಿಲ್ಲ ಎಂದು ಅವರ ಸ್ಥಾನದಲ್ಲಿ ನಿಂತು ಯೋಚಿಸಿದ ಯೋಜನೆಯಿದು. ಪರಾನುಭೂತಿ ಎಂದರೆ ಇದೇ. 1964ರಲ್ಲಿ ಸಿಂಡಿಕೇಟ್ ಬ್ಯಾಂಕ್ ಎಂಬ ಹೆಸರು ಪಡೆದು, 1969ರಲ್ಲಿ ರಾಷ್ಟ್ರೀಕರಣಗೊಂಡು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಆ ಸಂಸ್ಥೆಯ ಬೆಳವಣಿಗೆಯಲ್ಲಿ ಬಾಗಿಲಿನಿಂದ ಬಾಗಿಲಿಗೆ ನಡೆದ ಈ ಪ್ರತಿನಿಧಿಗಳ ಪಾತ್ರ ದೊಡ್ಡದು.

ಐದು ಅಂಗಗಳು, ನಮ್ಮ ಘಟಕಗಳಲ್ಲಿ

ಸ್ವ-ಅರಿವು: ಸಿಟ್ಟು ಬಂದ ಮೇಲೆ ಎಲ್ಲರಿಗೂ ತಿಳಿಯುತ್ತದೆ. ಬರುತ್ತಿರುವಾಗಲೇ ತಿಳಿಯುವುದು ಸ್ವ-ಅರಿವು. ಕೆಲವರಿಗೆ ಬ್ಯಾಂಕಿನ ಕಂತು ಕಟ್ಟುವ ದಿನ, ಕೆಲವರಿಗೆ ಜಿ.ಎಸ್.ಟಿ. ವಿವರ ಸಲ್ಲಿಸುವ ದಿನ, ಕೆಲವರಿಗೆ ಮಧ್ಯಾಹ್ನದ ಊಟ ತಡವಾದ ದಿನ ಮನಸ್ಸು ಕೆಡುತ್ತದೆ. ನಮ್ಮ ಅಂತಹ ದಿನಗಳು ಯಾವುವು ಎಂಬುದು ನಮಗಿಂತ ಮೊದಲು ಕೆಲಸಗಾರರಿಗೆ ಗೊತ್ತಿರುತ್ತದೆ. ಅಂದು ಅವರು ಏನನ್ನೂ ಹೇಳದೆ ದೂರ ಉಳಿಯುತ್ತಾರೆ.

ಸ್ವನಿಯಂತ್ರಣ: ಮಣಿಪಾಲದಲ್ಲಿ ಮುದ್ರಣದ ಬಿಡಿಗೆಲಸ ಮಾಡಿಕೊಡುವ ಘಟಕವೊಂದನ್ನು ಊಹಿಸಿಕೊಳ್ಳಿ. ಗಿರಾಕಿಯೊಬ್ಬರು ಫೋನಿನಲ್ಲಿ ಮಾಲೀಕನನ್ನು ತರಾಟೆಗೆ ತೆಗೆದುಕೊಳ್ಳುತ್ತಾರೆ. ಫೋನ್ ಕೆಳಗಿಟ್ಟ ಮಾಲೀಕ ನೇರವಾಗಿ ಯಂತ್ರದ ಬಳಿ ಹೋಗಿ ಅದೇ ಮಾತನ್ನು ದುಪ್ಪಟ್ಟು ಮಾಡಿ ಕೆಲಸಗಾರನ ಮೇಲೆ ಸುರಿಯುತ್ತಾನೆ. ಕೈನಡುಗುವ ಕೆಲಸಗಾರನಿಂದ ಮುಂದಿನ ಹಾಳೆಗಳೂ ಕೆಡುತ್ತವೆ. ಫೋನಿಗೂ ಯಂತ್ರಕ್ಕೂ ನಡುವೆ ಹತ್ತು ನಿಮಿಷದ ಅಂತರವನ್ನು ಇಟ್ಟುಕೊಳ್ಳುವುದೇ ಸ್ವನಿಯಂತ್ರಣ.

ಅಂತಃಪ್ರೇರಣೆ: ಕೆಲಸದ ಅಚ್ಚುಕಟ್ಟುತನದಲ್ಲೇ ತೃಪ್ತಿ ಕಾಣುವ ಗುಣವಿದು. ಕಾರ್ಕಳದ ಶಿಲ್ಪಿಯೊಬ್ಬನು ಗೋಡೆಗೆ ತಾಗಿ ನಿಲ್ಲಲಿರುವ ವಿಗ್ರಹದ ಹಿಂಬದಿಯನ್ನೂ ನಯಗೊಳಿಸುತ್ತಾನಾದರೆ ಅದು ಕೂಲಿಗಾಗಿ ಮಾತ್ರ ಅಲ್ಲ. ಆ ಹಿಂಬದಿಯನ್ನು ಗಮನಿಸಿ ಒಂದು ಮಾತು ಹೇಳುವ ಮಾಲೀಕನ ಬಳಿ ಅಂತಹ ಕೆಲಸಗಾರ ಉಳಿಯುತ್ತಾನೆ.

ಪರಾನುಭೂತಿ: ಕಾಪುವಿನ ದಿನಸಿ ವ್ಯಾಪಾರಿಯೊಬ್ಬರ ಸಾಲದ ಪುಸ್ತಕವನ್ನು ತೆಗೆದುಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ದೋಣಿ ದಡದಲ್ಲಿರುವಾಗ ಮೀನುಗಾರರ ಮನೆಗಳಲ್ಲಿ ಹಣದ ಓಡಾಟ ಕಡಿಮೆ. ಶಾಲೆ ಆರಂಭವಾಗುವುದೂ ಆಗಲೇ. ಈ ಅವಧಿಯಲ್ಲಿ ಬಾಕಿಗಾಗಿ ಅಂಗಡಿಯ ಜನರೆದುರು ಕೇಳಿದರೆ ಹಣವೂ ಬರುವುದಿಲ್ಲ, ಗಿರಾಕಿಯೂ ಉಳಿಯುವುದಿಲ್ಲ. ಮೇ ತಿಂಗಳಲ್ಲೇ ಕುಳಿತು ಮಾತನಾಡಿ, ಆಗಸ್ಟಿನ ನಂತರದ ಕಂತನ್ನು ಗೊತ್ತುಮಾಡಿಕೊಳ್ಳುವ ವ್ಯಾಪಾರಿಗೆ ಎರಡೂ ಉಳಿಯುತ್ತವೆ. ಇದು ದಾನವಲ್ಲ, ವಸೂಲಿಯ ಜಾಣ್ಮೆ.

ಸಂಬಂಧ ಕೌಶಲ: ಹಲವು ಘಟಕಗಳಲ್ಲಿ ಇಂದು ಉತ್ತರ ಕರ್ನಾಟಕದವರು, ಒಡಿಶಾ, ಜಾರ್ಖಂಡ್ ಮುಂತಾದ ಕಡೆಯವರು ಸ್ಥಳೀಯರೊಂದಿಗೆ ದುಡಿಯುತ್ತಾರೆ. ಭಾಷೆ ಬಾರದವನು ಎಲ್ಲಕ್ಕೂ ತಲೆಯಾಡಿಸುತ್ತಾನೆ. ತಲೆಯಾಡಿಸಿದ್ದು ಅರ್ಥವಾದುದರಿಂದಲೋ ಹೆದರಿಕೆಯಿಂದಲೋ ಎಂಬುದನ್ನು ತಿಳಿಯದಿದ್ದರೆ ಯಂತ್ರಕ್ಕೂ ಅಪಾಯ, ಕೈಬೆರಳಿಗೂ ಅಪಾಯ. “ಅರ್ಥವಾಯಿತೇ?” ಎಂದು ಕೇಳುವ ಬದಲು “ಒಮ್ಮೆ ಮಾಡಿ ತೋರಿಸಪ್ಪ” ಎಂದು ಕೇಳುವುದು ಉತ್ತಮ.

ಅಧ್ಯಯನಗಳು ಹೇಳುವುದೇನು?

ನನ್ನ ಬೋರ್ಮಾದ ಅನುಭವಕ್ಕೆ ಬಲು ಹತ್ತಿರವಾದ ಅಧ್ಯಯನವೊಂದನ್ನು ಅಮೆರಿಕದ ಏಮಿ ಎಡ್ಮಂಡ್‌ಸನ್ ಅವರು 1996ರಲ್ಲಿ ಪ್ರಕಟಿಸಿದರು. ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಕುರಿತ ಅಧ್ಯಯನವದು. ಒಳ್ಳೆಯ ನಾಯಕತ್ವವಿರುವ ವಾರ್ಡುಗಳಲ್ಲಿ ತಪ್ಪುಗಳು ಕಡಿಮೆಯಿರಬೇಕೆಂದು ಅವರು ಎಣಿಸಿದ್ದರು. ಆದರೆ ಅಂಕಿ ಅಂಶಗಳಲ್ಲಿ ಅಂತಹ ವಾರ್ಡುಗಳ ತಪ್ಪುಗಳೇ ಹೆಚ್ಚಾಗಿ ಕಂಡವು! ಕಾರಣವನ್ನು ಶೋಧಿಸಿದಾಗ ವಿಷಯ ಸ್ಪಷ್ಟವಾಯಿತು. ಅಲ್ಲಿನ ದಾದಿಯರು ತಪ್ಪನ್ನು ಭಯವಿಲ್ಲದೆ ಹೇಳಿಕೊಳ್ಳುತ್ತಿದ್ದರು. ಉಳಿದೆಡೆ ತಪ್ಪುಗಳು ಬಚ್ಚಿಡಲ್ಪಡುತ್ತಿದ್ದವು. 1999ರಲ್ಲಿ ಅವರು ಉತ್ಪಾದನಾ ಕಂಪೆನಿಯೊಂದರ 51 ತಂಡಗಳನ್ನು ಅಧ್ಯಯನ ಮಾಡಿ, ಮಾತನಾಡಲು ಭಯವಿಲ್ಲದ ತಂಡಗಳಲ್ಲಿ ಕಲಿಕೆ ಹೆಚ್ಚೆಂಬುದನ್ನು ತೋರಿಸಿದರು.

ನಮ್ಮ ಘಟಕಗಳಿಗೂ ಇದೇ ಮಾತು ಅನ್ವಯಿಸುತ್ತದೆ. ವಾರಗಟ್ಟಲೆ ಯಾವ ದೂರೂ ಬಾರದಿದ್ದರೆ ಎಲ್ಲವೂ ಸರಿಯಿದೆ ಎಂದು ಭಾವಿಸಬಾರದು. ಸುದ್ದಿ ಬರುವ ದಾರಿ ಎಲ್ಲಿಯೋ ಕಟ್ಟಿಕೊಂಡಿದೆಯೇ ಎಂದು ನೋಡಬೇಕು.

ಆದರೆ ಈ ವಿಚಾರವನ್ನು ಸರ್ವರೋಗಕ್ಕೂ ಮದ್ದೆಂದು ನಂಬಬಾರದು. ಡಾನಾ ಜೋಸೆಫ್ ಮತ್ತು ಡೇನಿಯಲ್ ನ್ಯೂಮನ್ ಅವರು 2010ರಲ್ಲಿ ಅದುವರೆಗಿನ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿ, ಜನರೊಡನೆ ನೇರ ವ್ಯವಹಾರವಿದ್ದು ಭಾವನೆಗಳನ್ನು ಹತೋಟಿಯಲ್ಲಿಡಬೇಕಾದ ಉದ್ಯೋಗಗಳಲ್ಲಿ ಮಾತ್ರ ಇದರ ಲಾಭ ಸ್ಪಷ್ಟವಾಗಿ ಕಾಣುವುದೆಂದು ತಿಳಿಸಿದರು. ಆದ್ದರಿಂದ ಲೇತ್ ಯಂತ್ರದವನನ್ನು ಆರಿಸುವಾಗ ಅವನ ಕೈಗೆಲಸವನ್ನೇ ನೋಡಬೇಕು. ಹೋಟೆಲಿನ ಗಲ್ಲಾದಲ್ಲಿ ಕೂರುವವರು, ಮಾರಾಟ ಪ್ರತಿನಿಧಿ, ಮೇಸ್ತ್ರಿ ಮತ್ತು ಎಲ್ಲರಿಗಿಂತ ಮೊದಲು ಮಾಲೀಕ, ಇವರಿಗೆ ಈ ಗುಣ ಅತ್ಯಗತ್ಯ.

ಆಚರಣೆಗೆ ತರುವ ಬಗೆ

1. ತಪ್ಪಿನ ಸುದ್ದಿ ತಂದವನಿಗೆ ಹೇಳುವ ಮೊದಲ ವಾಕ್ಯ “ಹೇಳಿದ್ದು ಒಳ್ಳೆಯದಾಯಿತು” ಎಂದಿರಲಿ. ವಿಚಾರಣೆ ಅನಂತರ ನಡೆಯಲಿ.

2. ಮೊದಲ ಪ್ರಶ್ನೆ “ಯಾರು ಮಾಡಿದ್ದು?” ಎಂದಾಗದೆ “ಏನಾಯಿತು?” ಎಂದಾಗಲಿ. ಮೊದಲಿನದಕ್ಕೆ ಸಿಗುವುದು ನೆಪ. ಎರಡನೆಯದಕ್ಕೆ ಸಿಗುವುದು ಮಾಹಿತಿ.

3. ಮೆಚ್ಚುಗೆ ನಾಲ್ಕು ಜನರೆದುರು ಇರಲಿ. ಆಕ್ಷೇಪ ಬಾಗಿಲು ಮುಚ್ಚಿದ ಮೇಲೆ ಇರಲಿ. ವಯಸ್ಸಿನಲ್ಲಿ ಹಿರಿಯರಾದ ಕೆಲಸಗಾರರಿಗೆ ಆಕ್ಷೇಪ ಹೇಳುವಾಗಲೂ ‘ಅಣ್ಣ’, ‘ಅಕ್ಕ’ ಎಂಬ ಸಂಬೋಧನೆ ತಪ್ಪದಿರಲಿ.

4. ದಿನಕ್ಕೊಮ್ಮೆ ಹತ್ತು ನಿಮಿಷ, ಏನನ್ನೂ ಆಜ್ಞಾಪಿಸದೆ ಘಟಕದಲ್ಲಿ ಓಡಾಡಿ. ಪಾಳಿ ಬದಲಾಗುವ ಹೊತ್ತು ಇದಕ್ಕೆ ಸೂಕ್ತ. ರಾತ್ರಿಯ ತೊಂದರೆಗಳು ತಿಳಿಯುವುದು ಆಗಲೇ.

5. ನಮ್ಮ ತಪ್ಪಾದಾಗ ಒಪ್ಪಿಕೊಳ್ಳಬೇಕು. ಧಣಿಯೇ “ಅದು ನನ್ನ ತಪ್ಪು” ಎಂದ ಮೇಲೆ ಕೆಲಸಗಾರನಿಗೆ ಹಾಗೆ ಹೇಳುವುದು ಕಷ್ಟವಾಗದು.

6. ಯಾರಾದರೂ ಕೆಲಸ ಬಿಟ್ಟು ಹೋಗುವಾಗ ಲೆಕ್ಕ ಚುಕ್ತಾ ಮಾಡಿದ ಬಳಿಕ ಕಾರಣವನ್ನು ಕೇಳಿ, ವಾದಿಸದೆ ಬರೆದಿಟ್ಟುಕೊಳ್ಳಿ. ಹಣ ಕೈಸೇರುವ ಮೊದಲು ಯಾರೂ ಸತ್ಯ ಹೇಳುವುದಿಲ್ಲ.

ಒಂದು ಎಚ್ಚರಿಕೆ

ಒಳ್ಳೆಯ ಮಾತು ನ್ಯಾಯವಾದ ಕೂಲಿಗೆ ಬದಲಿಯಾಗಲಾರದು. ಕನಿಷ್ಠ ವೇತನ, ಭವಿಷ್ಯ ನಿಧಿ, ಇ.ಎಸ್.ಐ., ಬೋನಸ್ ಇವುಗಳಲ್ಲಿ ಕೈಬಿಗಿಹಿಡಿದು ಮಾತಿನಲ್ಲಿ ಮಾತ್ರ ಉದಾರತೆ ತೋರಿದರೆ ಅದನ್ನು ಕೆಲಸಗಾರರು ಬೇಗನೆ ಗುರುತಿಸುತ್ತಾರೆ. ಸಮಾಜಶಾಸ್ತ್ರಜ್ಞೆ ಆರ್ಲಿ ಹೋಕ್‌ಷೀಲ್ಡ್ ಅವರು 1983ರ ತಮ್ಮ ಪುಸ್ತಕದಲ್ಲಿ ವಿಮಾನದ ಪರಿಚಾರಿಕೆಯರನ್ನೂ ಬಾಕಿ ವಸೂಲಿಗಾರರನ್ನೂ ಅಭ್ಯಸಿಸಿ, ಉದ್ಯೋಗಕ್ಕಾಗಿ ಭಾವನೆಯನ್ನು ತೋರುವುದೂ ಅಡಗಿಸುವುದೂ ಒಂದು ದುಡಿಮೆಯೇ ಎಂದು ಪ್ರತಿಪಾದಿಸಿದರು. ದುಡಿಮೆಯೆಂದ ಮೇಲೆ ಅದಕ್ಕೆ ಬೆಲೆಯಿರಬೇಕು.

ಈ ಪಾಠಕ್ಕೂ ಪಿಗ್ಮಿಯೇ ನಿದರ್ಶನ. ದಿನವೂ ಬಾಗಿಲು ಬಾಗಿಲಿಗೆ ನಡೆದು ವಿಶ್ವಾಸ ಗಳಿಸಿಕೊಟ್ಟ ಠೇವಣಿ ಸಂಗ್ರಾಹಕರು ಕಾರ್ಮಿಕರೇ ಅಥವಾ ಬರಿಯ ಕಮಿಷನ್ ಏಜೆಂಟರೇ ಎಂಬ ವಿವಾದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಅವರು ಕೈಗಾರಿಕಾ ವಿವಾದ ಕಾಯಿದೆಯ ಅರ್ಥದಲ್ಲಿ ಕಾರ್ಮಿಕರೇ ಎಂದು 2001ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. ಗಿರಾಕಿಯ ಮನಸ್ಸನ್ನು ಅರಿತ ವ್ಯವಸ್ಥೆಯು ತನ್ನವರ ಮನಸ್ಸನ್ನೂ ಅರಿಯಬೇಕು ಎಂಬುದನ್ನು ಈ ಪ್ರಕರಣದಿಂದ ನಾವು ಕಲಿಯಬಹುದಾಗಿದೆ.

ಉಪಸಂಹಾರ

ಬುದ್ಧಿವಂತಿಕೆಯಿಂದ ಉದ್ಯಮವನ್ನು ಆರಂಭಿಸಬಹುದು, ಬಂಡವಾಳದಿಂದ ವಿಸ್ತರಿಸಬಹುದು. ಆದರೆ ಅದನ್ನು ಉಳಿಸಿಕೊಳ್ಳಲು, ಕೆಡುತ್ತಿರುವುದು ಪೂರ್ತಿ ಕೆಡುವ ಮೊದಲು ಯಾರಾದರೂ ಬಂದು ಹೇಳುವಂತಿರಬೇಕು. ಹೇಳುವವರು ನಮ್ಮಲ್ಲಿ ಇದ್ದೇ ಇದ್ದಾರೆ. ಅವರು ಬಾಯಿ ತೆರೆಯುತ್ತಾರೋ ಇಲ್ಲವೋ ಎಂಬುದು ಕಳೆದ ಬಾರಿ ನಾವು ಹೇಗೆ ಕೇಳಿಸಿಕೊಂಡೆವು ಎಂಬುದನ್ನು ಅವಲಂಬಿಸಿದೆ.

ಸದಸ್ಯ ಮಿತ್ರರಲ್ಲಿ ಒಂದು ವಿನಂತಿ. ಈ ಒಂದು ತಿಂಗಳು, ನಮ್ಮ ಬಳಿಗೆ ಕೆಲಸಗಾರರು ತಾವಾಗಿಯೇ ತಂದ ಕೆಟ್ಟ ಸುದ್ದಿಗಳೆಷ್ಟು, ನಾವೇ ಕಂಡುಹಿಡಿಯಬೇಕಾಗಿ ಬಂದವುಗಳೆಷ್ಟು ಎಂದು ಡೈರಿಯಲ್ಲಿ ಎರಡು ಕಲಮು ಮಾಡಿ ಗುರುತು ಹಾಕೋಣ. ಎರಡನೆಯ ಕಲಮು ಉದ್ದವಾಗಿದ್ದರೆ ಬದಲಾಗಬೇಕಾದವರು ಯಾರೆಂದು ಬೇರೆ ಹೇಳಬೇಕಾಗಿಲ್ಲ. ನನ್ನ ಡೈರಿಯಲ್ಲಿ ಆ ಕಲಮು ಮೊದಲ ವರ್ಷ ಬಹಳ ಉದ್ದವಾಗಿಯೇ ಇತ್ತು. ಬಳಿಕ ಒಂದು ರಾತ್ರಿ ಹನ್ನೊಂದು ಗಂಟೆಗೆ ಫೋನ್ ಬಂತು: “ಧಣಿಗಳೇ, ಬೋರ್ಮಾದಲ್ಲಿ ಏನೋ ವಾಸನೆ, ಒಮ್ಮೆ ಬರುತ್ತೀರಾ?” ಹೋಗಿ ನೋಡಿದರೆ ಏನೂ ಆಗಿರಲಿಲ್ಲ. ಆದರೂ ಕರೆದವನಿಗೆ ಒಂದು ಚಹಾ ಕುಡಿಸಿ ಬಂದೆ.